ಸಾಪೇಕ್ಷತೆ ಹುಟ್ಟಿದ್ದು ಮೈಕೆಲ್ಸನ್ ಪ್ರಯೋಗದಿಂದಲೋ, ಗಡಿಯಾರದ ಪ್ರಶ್ನೆಯಿಂದಲೋ?

ಭೌತಪಾಠ

ಪಿಯು ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ಹದಿನಾಲ್ಕು ವರ್ಷಗಳಿಂದ ಮಕ್ಕಳಿಗೆ ಒಂದೇ ಕಥೆ ಹೇಳಿಕೊಂಡು ಬಂದಿದ್ದೇನೆ. ಬೆಳಕು ಸಾಗಲು ಈಥರ್ ಎಂಬ ಮಾಧ್ಯಮ ಬೇಕೆಂದು ನಂಬಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಅದನ್ನು ಹುಡುಕಿದರು, ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಸಾಪೇಕ್ಷತಾ ಸಿದ್ಧಾಂತದಿಂದ ಅದಕ್ಕೆ ವಿವರಣೆ ಕೊಟ್ಟರು. ಕೇಳಲು ಅಚ್ಚುಕಟ್ಟಾದ ಕಥೆ.

ಕಳೆದ ವಾರ ಆ 1905ರ ಪ್ರಬಂಧವನ್ನೇ ಓದಿದೆ. ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಾಹಾ ಸೇರಿ 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಹೊರತಂದ ಇಂಗ್ಲಿಷ್ ಅನುವಾದ ಅದು. ಓದಿ ದಿಗಿಲಾಯಿತು. ಅದರಲ್ಲಿ ಮೈಕೆಲ್ಸನ್ ಹೆಸರೇ ಇಲ್ಲ! ಪ್ರಬಂಧ ಆರಂಭವಾಗುವುದು ಒಂದು ಆಯಸ್ಕಾಂತ ಮತ್ತು ಒಂದು ವಾಹಕದಿಂದ. ಹಾಗಾದರೆ ಇಷ್ಟು ವರ್ಷ ನಾನು ಹೇಳಿದ ಕಥೆ ತಪ್ಪೇ?

ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. 'ಬೆಳಕಿನ ವೇಗ ಎಲ್ಲರಿಗೂ ಒಂದೇ' ಎಂಬ ವಾಕ್ಯವನ್ನು ಕರಿಹಲಗೆಯ ಮೇಲೆ ಬರೆಯಬಲ್ಲೆ. ಬೆಳಕಿನ ಹಿಂದೆ ಓಡುವವನಿಗೂ ನಿಂತವನಿಗೂ ಅದು ಒಂದೇ ವೇಗದಲ್ಲಿ ಹೋಗುವುದು ಹೇಗೆ ಸಾಧ್ಯ ಎಂದು ಹುಡುಗನೊಬ್ಬ ಕೇಳಿದಾಗ, 'ಪ್ರಯೋಗ ಹಾಗೆ ಹೇಳುತ್ತದೆ' ಎಂದುಬಿಟ್ಟೆ. ಆ ಉತ್ತರ ನನಗೇ ಸಮಾಧಾನ ತಂದಿಲ್ಲ.

ನಿವೃತ್ತ ಮೇಷ್ಟ್ರು

ಮೇಡಂ, ನಿಮ್ಮ ಕಥೆಯಲ್ಲಿ ಸುಳ್ಳಿಲ್ಲ, ಆದರೆ ತುಂಬ ತಡವಾಗಿ ಆರಂಭವಾಗುತ್ತದೆ. ಸಾಪೇಕ್ಷತೆಯ ತತ್ತ್ವ ಐನ್‌ಸ್ಟೈನರದಲ್ಲ, ಗೆಲಿಲಿಯೊನದು. 1632ರಲ್ಲಿ ಆತ ಓದುಗರನ್ನು ಹಡಗಿನ ಕೆಳಗಿನ ಕೋಣೆಗೆ ಕರೆದೊಯ್ದ. ಅಲ್ಲಿ ಚಿಟ್ಟೆಗಳು ಹಾರುತ್ತಿವೆ, ಬೋಗುಣಿಯಲ್ಲಿ ಮೀನುಗಳಿವೆ, ಮೇಲೆ ತೂಗುಹಾಕಿದ ಪಾತ್ರೆಯಿಂದ ನೀರು ತೊಟ್ಟಿಕ್ಕುತ್ತಿದೆ. ಹಡಗು ಕುಲುಕದೆ ಒಂದೇ ವೇಗದಲ್ಲಿ ಸಾಗುತ್ತಿದ್ದರೆ, ಒಳಗಿನ ಯಾವ ಪರೀಕ್ಷೆಯಿಂದಲೂ ಅದು ನಿಂತಿದೆಯೋ ಚಲಿಸುತ್ತಿದೆಯೋ ಹೇಳಲಾಗದು. ನ್ಯೂಟನ್ನನ ಚಲನೆಯ ನಿಯಮಗಳು ಈ ಮಾತನ್ನು ಪೂರ್ತಿಯಾಗಿ ಒಪ್ಪುತ್ತವೆ.

ತಂಟೆ ಬಂದದ್ದು 1860ರ ದಶಕದಲ್ಲಿ. ವಿದ್ಯುತ್ತು ಮತ್ತು ಕಾಂತತ್ವದ ಸಮೀಕರಣಗಳಿಂದ ಮ್ಯಾಕ್ಸ್‌ವೆಲ್ ಅಲೆಗಳ ವೇಗವೊಂದನ್ನು ಪಡೆದ. ಪ್ರಯೋಗಶಾಲೆಯ ಮೇಜಿನ ಮೇಲೆ ಅಳೆದ ವಿದ್ಯುತ್ ಸ್ಥಿರಾಂಕಗಳಿಂದ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಎಂಬ ಸಂಖ್ಯೆ ತಾನಾಗಿ ಹೊರಬಿತ್ತು. ಅದು ಬೆಳಕಿನ ವೇಗ. ನನ್ನ ಪಾಲಿಗೆ ಭೌತವಿಜ್ಞಾನದಲ್ಲಿ ಅದಕ್ಕಿಂತ ಮೈ ನವಿರೇಳಿಸುವ ಗಳಿಗೆ ಇನ್ನೊಂದಿಲ್ಲ.

ಆದರೆ ಆ ವೇಗ ಯಾವುದಕ್ಕೆ ಹೋಲಿಸಿದ್ದು? ಸಮೀಕರಣ ಹೇಳುವುದಿಲ್ಲ. ಶಬ್ದಕ್ಕೆ ಗಾಳಿ ಇದ್ದಂತೆ ಬೆಳಕಿಗೆ ಈಥರ್ ಇದೆ, ವೇಗ ಅದಕ್ಕೆ ಹೋಲಿಸಿದ್ದು ಎಂದು ಎಲ್ಲರೂ ಭಾವಿಸಿದರು. ಹಾಗೆ ಭಾವಿಸಿದ ಕೂಡಲೇ ಗೆಲಿಲಿಯೊನ ಹಡಗು ಮುರಿಯಿತು. ಬೆಳಕಿನ ಪರೀಕ್ಷೆ ನಡೆಸಿ 'ನಾನು ಚಲಿಸುತ್ತಿದ್ದೇನೆ' ಎಂದು ಕೋಣೆಯೊಳಗೇ ಹೇಳಬಹುದು ಎಂದಾಯಿತಲ್ಲ!

ಅಳತೆಗೋಲು

ಮೇಷ್ಟ್ರ ಮಾತಿಗೆ ಒಂದು ಜೋಡಣೆ. ಅಳತೆಯ ಉಪಕರಣಗಳ ಕೆಲಸದಲ್ಲೇ ಬದುಕು ಕಳೆದವನು ನಾನು. ಮೈಕೆಲ್ಸನ್ನರನ್ನು ಒಂದು ಸಾಲಿನಲ್ಲಿ ದಾಟಿಸಿದರೆ ಸಂಕಟವಾಗುತ್ತದೆ.

ಅಮೆರಿಕದ ಕ್ಲೀವ್‌ಲ್ಯಾಂಡಿನ ಆ ಉಪಕರಣವನ್ನು ಮನಸ್ಸಿಗೆ ತಂದುಕೊಳ್ಳಿ. ಸುಮಾರು ಒಂದೂವರೆ ಮೀಟರ್ ಚೌಕದ ಮರಳುಗಲ್ಲಿನ ಚಪ್ಪಡಿ, ಅದು ಪಾದರಸದ ಮೇಲೆ ತೇಲುತ್ತಿದೆ, ನಿಧಾನವಾಗಿ ಸುತ್ತುತ್ತಿದೆ. ಬೆಳಕಿನ ಒಂದು ಕಿರಣವನ್ನು ಎರಡಾಗಿ ಒಡೆದು, ಪರಸ್ಪರ ಲಂಬವಾದ ದಾರಿಗಳಲ್ಲಿ ಕಳಿಸಿ, ಕನ್ನಡಿಗಳ ನಡುವೆ ಹಿಂದಕ್ಕೂ ಮುಂದಕ್ಕೂ ಓಡಾಡಿಸಿ ದಾರಿಯನ್ನು 11 ಮೀಟರಿಗೆ ಉದ್ದ ಮಾಡಿದ್ದರು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಈಥರ್ ಸೀಳಿಕೊಂಡು ಹೋಗುತ್ತಿದ್ದರೆ, ಚಪ್ಪಡಿ ತಿರುಗಿದಂತೆ ವ್ಯತಿಕರಣದ ಪಟ್ಟಿಗಳು (ಎರಡು ಕಿರಣಗಳು ಮತ್ತೆ ಸೇರಿದಾಗ ಮೂಡುವ ಬೆಳಕು-ಕತ್ತಲೆಯ ಗೆರೆಗಳು) ಒಂದು ಪಟ್ಟಿಯ ಅಗಲದ 0.4 ಭಾಗದಷ್ಟು ಸರಿಯಬೇಕಿತ್ತು. ಕಂಡದ್ದು ಅದರ ಇಪ್ಪತ್ತನೆಯ ಒಂದು ಭಾಗಕ್ಕಿಂತ ಕಡಿಮೆ, ಬಹುಶಃ ನಲವತ್ತನೆಯ ಒಂದು ಭಾಗವೂ ಇಲ್ಲ. ಇಂಥ 'ಇಲ್ಲ'ವನ್ನು ಧೈರ್ಯವಾಗಿ ಹೇಳಬೇಕಾದರೆ ಉಪಕರಣದ ಮೇಲೆ ಎಷ್ಟು ಹಿಡಿತವಿರಬೇಕು!

1905ರ ಪ್ರಬಂಧದಲ್ಲಿ ಅವರ ಹೆಸರಿಲ್ಲ, ನಿಜ. ಆದರೆ ಬೆಳಕಿನ ಮಾಧ್ಯಮಕ್ಕೆ ಹೋಲಿಸಿ ಭೂಮಿಯ ಚಲನೆಯನ್ನು ಕಂಡುಹಿಡಿಯುವ ಪ್ರಯತ್ನಗಳು ವಿಫಲವಾದವು ಎಂಬ ಮಾತು ಎರಡನೆಯ ಪ್ಯಾರಾದಲ್ಲೇ ಬರುತ್ತದೆ. ಹೆಸರು ಹೇಳದಿದ್ದರೂ ಆ ವೈಫಲ್ಯ ಎಲ್ಲರ ತಲೆಯಲ್ಲೂ ಇತ್ತು.

ನಿವೃತ್ತ ಮೇಷ್ಟ್ರು

ಒಪ್ಪಿದೆ. ಆದರೂ ತಮ್ಮನ್ನು ಹೆಚ್ಚು ಪ್ರಭಾವಿಸಿದ್ದು ಬೇರೆ ಎರಡು ಎಂದು ಐನ್‌ಸ್ಟೈನರೇ ಮುಂದೆ ಹೇಳಿದ್ದಾರೆ: 1728ರಲ್ಲಿ ಬ್ರಾಡ್ಲಿ ಕಂಡುಹಿಡಿದ ನಕ್ಷತ್ರಬೆಳಕಿನ ಓರೆ (ಭೂಮಿಯ ಚಲನೆಯಿಂದ ನಕ್ಷತ್ರ ತುಸು ಸರಿದಂತೆ ಕಾಣುವುದು) ಮತ್ತು 1851ರಲ್ಲಿ ಫೀಜೊ ನಡೆಸಿದ ಹರಿಯುವ ನೀರಿನ ಪ್ರಯೋಗ. ಎರಡನೆಯದು ವಿಚಿತ್ರ. ಹರಿಯುವ ನೀರಿನೊಳಗೆ ಬೆಳಕು ಬಿಟ್ಟರೆ ನೀರಿನ ವೇಗ ಪೂರ್ತಿ ಸೇರಬೇಕು, ಇಲ್ಲವೇ ಒಂದಿಷ್ಟೂ ಸೇರಬಾರದು ಎಂದು ನಮ್ಮ ಬುದ್ಧಿ ಹೇಳುತ್ತದೆ. ಸೇರಿದ್ದು ಸುಮಾರು ಶೇಕಡ 44ರಷ್ಟು ಮಾತ್ರ. ಇದನ್ನು ನೆನಪಿಡಿ, ಮತ್ತೆ ಬೇಕಾಗುತ್ತದೆ.

ಇನ್ನು ಆಯಸ್ಕಾಂತ. ಸುರುಳಿಯ ಬಳಿ ಆಯಸ್ಕಾಂತ ಸರಿಸಿದರೆ ವಿದ್ಯುತ್ ಹರಿಯುತ್ತದೆ. ಆಯಸ್ಕಾಂತವನ್ನು ಹಿಡಿದುಕೊಂಡು ಸುರುಳಿಯನ್ನು ಸರಿಸಿದರೂ ಅಷ್ಟೇ ಹರಿಯುತ್ತದೆ. ಆದರೆ ಅಂದಿನ ಸಿದ್ಧಾಂತ ಎರಡಕ್ಕೂ ಬೇರೆ ಬೇರೆ ಕಾರಣ ಕೊಡುತ್ತಿತ್ತು. ಪ್ರಕೃತಿ ಭೇದ ಮಾಡದ ಕಡೆ ಸಿದ್ಧಾಂತ ಭೇದ ಮಾಡುತ್ತಿದೆಯಲ್ಲ, ಇದು ಸರಿಯೇ? ಐನ್‌ಸ್ಟೈನರ ಪ್ರಬಂಧದ ಮೊದಲ ತಕರಾರು ಇದು. ಯಾರೂ ಹೊಸ ಪ್ರಯೋಗ ಮಾಡಿರಲಿಲ್ಲ. ಮೈಕೆಲ್ ಫ್ಯಾರಡೆಯ ಕಾಲದಿಂದ ಎಲ್ಲರ ಕಣ್ಣೆದುರಿಗೇ ಇದ್ದ ಸಂಗತಿ.

ತಕರಾರು ಹುಟ್ಟಿದ ಮೇಲೂ ಅವರು ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ಬರ್ನ್‌ನ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತಿಕೆಗಿಂತ ಸ್ವಲ್ಪ ಮೇಲಿನ ಕೆಲಸ, ವಯಸ್ಸು 26. 1905ರ ಮೇ ತಿಂಗಳಲ್ಲಿ ಗೆಳೆಯ ಮಿಶೆಲ್ ಬೆಸ್ಸೊ ಜೊತೆ ಈ ತೊಡಕನ್ನೆಲ್ಲ ಹರಡಿಕೊಂಡು ಚರ್ಚಿಸಿದರು. ಮರುದಿನ ಬಂದು ಹೇಳಿದ್ದು: ಸಮಸ್ಯೆ ಬಿಡಿಸಿದೆ, ತಪ್ಪು ಇದ್ದದ್ದು ಕಾಲದ ಬಗೆಗಿನ ನಮ್ಮ ತಿಳಿವಳಿಕೆಯಲ್ಲಿ. ಅಲ್ಲಿಂದ ಐದಾರು ವಾರಗಳಲ್ಲಿ ಪ್ರಬಂಧ ಸಿದ್ಧ. ಜೂನ್ 30ಕ್ಕೆ ಪತ್ರಿಕೆಗೆ ತಲುಪಿತು. ಅದರಲ್ಲಿ ಉಲ್ಲೇಖಗಳ ಪಟ್ಟಿಯಿಲ್ಲ. ಕೊನೆಯಲ್ಲಿ ಬೆಸ್ಸೊಗೆ ಕೃತಜ್ಞತೆ ಇದೆ.

ನಿಮ್ಮ ಶೀರ್ಷಿಕೆಯ ಪ್ರಶ್ನೆಗೆ ನನ್ನ ಉತ್ತರ ಅಲ್ಲೇ ಇದೆ. ಪ್ರಯೋಗಗಳು ಗೋಡೆ ಕಟ್ಟಿದ್ದವು. ಬಾಗಿಲು ಸಿಕ್ಕಿದ್ದು ಗಡಿಯಾರದಲ್ಲಿ.

ಭೌತಪಾಠ

'ಕಾಲದ ಬಗೆಗಿನ ತಿಳಿವಳಿಕೆ' ಎನ್ನುವಲ್ಲಿಗೆ ಪ್ರತಿ ಪುಸ್ತಕವೂ ಬಂದು ತಲುಪುತ್ತದೆ, ಅಲ್ಲಿಂದ ನೇರ ಸೂತ್ರಕ್ಕೆ ಹಾರುತ್ತದೆ. ನನ್ನ ಹುಡುಗನ ಪ್ರಶ್ನೆ ಹಾಗೇ ಉಳಿದಿದೆ. ನಡುವಿನ ಮೆಟ್ಟಿಲು ಯಾರಾದರೂ ತೋರಿಸುತ್ತೀರಾ?

ತುಂಗಾತೀರ

ಪ್ರಯತ್ನಿಸುತ್ತೇನೆ. ಮೊದಲು ಐನ್‌ಸ್ಟೈನರ ಎರಡು ಗೃಹೀತಗಳನ್ನು, ಎಂದರೆ ವಾದ ಹೊರಡುವ ಮೂಲ ಊಹೆಗಳನ್ನು, ಸರಿಯಾಗಿ ಹೇಳಿಕೊಳ್ಳೋಣ, ಏಕೆಂದರೆ ಎರಡನೆಯದನ್ನು ಬಹಳ ಮಂದಿ ತಪ್ಪಾಗಿ ಹೇಳುತ್ತಾರೆ.

ಒಂದು: ಒಬ್ಬರಿಗೊಬ್ಬರು ಹೋಲಿಸಿದಂತೆ ಬದಲಾಗದ ವೇಗದಲ್ಲಿ, ನೇರ ಗೆರೆಯಲ್ಲಿ ಚಲಿಸುವ ಎಲ್ಲರಿಗೂ ಭೌತನಿಯಮಗಳು ಒಂದೇ. ಎರಡು: ನಿರ್ವಾತದಲ್ಲಿ ಬೆಳಕಿನ ವೇಗ ಅದನ್ನು ಹೊಮ್ಮಿಸುವ ವಸ್ತುವಿನ ಚಲನೆಯನ್ನು ಅವಲಂಬಿಸಿಲ್ಲ. ಎರಡನೆಯದು ಇಷ್ಟೇ. ದೀಪ ಓಡುತ್ತಿದ್ದರೂ ನಿಂತಿದ್ದರೂ ಬೆಳಕು ಅದೇ ವೇಗದಲ್ಲಿ ಹೊರಡುತ್ತದೆ. ಇದರಲ್ಲಿ ಅಚ್ಚರಿಯಿಲ್ಲ; ಶಬ್ದವೂ ಹಾಗೆಯೇ. ಇದನ್ನು ಮೊದಲನೆಯದರ ಪಕ್ಕದಲ್ಲಿ ಇಟ್ಟಾಗ ಕಿಡಿ ಹಾರುತ್ತದೆ: ನನಗೆ ಹಾಗಿದ್ದರೆ ನನ್ನ ಪಕ್ಕದಲ್ಲಿ ಓಡುವವನಿಗೂ ಹಾಗೇ ಇರಬೇಕು.

ಈಗ ವೇಗ ಎಂದರೇನು ಎಂದು ಕೇಳಿ. ದೂರವನ್ನು ಕಾಲದಿಂದ ಭಾಗಿಸುವುದು. ದೂರದ ಎರಡು ತುದಿಗಳಲ್ಲಿ ಎರಡು ಗಡಿಯಾರ ಬೇಕು, ಅವೆರಡೂ ಸರಿಹೊಂದಿರಬೇಕು. ಸರಿಹೊಂದಿವೆ ಎಂದರೆ 'ಒಂದೇ ಹೊತ್ತಿಗೆ' ಒಂದೇ ಸಮಯ ತೋರಿಸುತ್ತಿವೆ ಎಂದು. ಅಲ್ಲಿ ನಿಂತುಬಿಡಿ. ಎರಡು ದೂರದ ಜಾಗಗಳಲ್ಲಿ 'ಒಂದೇ ಹೊತ್ತಿಗೆ' ಎಂದು ಹೇಳುವುದು ಹೇಗೆ?

ಐನ್‌ಸ್ಟೈನ್ ಕೊಟ್ಟ ಉದಾಹರಣೆ ಎಷ್ಟು ಸರಳ ನೋಡಿ. ರೈಲು 7 ಗಂಟೆಗೆ ಬಂತು ಎಂದರೆ, ನನ್ನ ಗಡಿಯಾರದ ಚಿಕ್ಕ ಮುಳ್ಳು 7ನ್ನು ಮುಟ್ಟಿದ್ದು ಮತ್ತು ರೈಲು ಬಂದದ್ದು ಒಟ್ಟಿಗೆ ಆಯಿತು ಎಂದರ್ಥ. ಅದೇ ಜಾಗದಲ್ಲಿದ್ದರೆ ಗೊಂದಲವಿಲ್ಲ. ದೂರದ ಊರಿನ ಗಡಿಯಾರಕ್ಕೆ ಸಂಕೇತ ಕಳಿಸಬೇಕು, ಸಂಕೇತಕ್ಕೆ ಬೆಳಕೇ ಆಧಾರ.

ಒಂದು ರೈಲು ಬೋಗಿ ಊಹಿಸಿ. ನಟ್ಟನಡುವೆ ದೀಪ ಮಿಂಚುತ್ತದೆ. ಒಳಗೆ ಕುಳಿತವಳಿಗೆ ಬೆಳಕು ಮುಂದಿನ ಬಾಗಿಲನ್ನೂ ಹಿಂದಿನ ಬಾಗಿಲನ್ನೂ ಒಂದೇ ಹೊತ್ತಿಗೆ ಮುಟ್ಟುತ್ತದೆ, ದೂರ ಸಮ, ವೇಗ ಸಮ. ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ? ಅವನಿಗೂ ಬೆಳಕು ಎರಡೂ ಕಡೆಗೆ ಒಂದೇ ವೇಗದಲ್ಲಿ ಹೋಗುತ್ತಿದೆ. ಆದರೆ ಹಿಂದಿನ ಬಾಗಿಲು ಬೆಳಕಿಗೆ ಎದುರಾಗಿ ಬರುತ್ತಿದೆ, ಮುಂದಿನ ಬಾಗಿಲು ಅದರಿಂದ ದೂರ ಓಡುತ್ತಿದೆ. ಹಿಂದಿನ ಬಾಗಿಲನ್ನು ಬೆಳಕು ಮೊದಲು ಮುಟ್ಟಿತು ಎನ್ನುತ್ತಾನೆ. ಇಬ್ಬರ ಲೆಕ್ಕವೂ ಸರಿ.

ನಿಮ್ಮ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ ಮೇಡಂ. ಅವನು ವೇಗಗಳನ್ನು ಕೂಡಿಸಿ ಕಳೆಯುವಾಗ, ಇಬ್ಬರ 'ಒಂದೇ ಹೊತ್ತು' ಒಂದೇ ಎಂದು ಗೊತ್ತಿಲ್ಲದೆಯೇ ಒಪ್ಪಿಕೊಂಡಿದ್ದಾನೆ. ಆ ಒಪ್ಪಿಗೆ ತೆಗೆದುಬಿಟ್ಟರೆ ವಿರೋಧ ಉಳಿಯುವುದಿಲ್ಲ.

ಲೆಕ್ಕಕ್ಕೆ 3-4-5ರ ತ್ರಿಕೋನ ಸಾಕು. ಬೋಗಿಯ ನೆಲದಿಂದ ನೇರ ಮೇಲಿನ ಕನ್ನಡಿಗೆ ಬೆಳಕು ಹೋಗಲಿ, ಎತ್ತರ 4 ಮಾನ. ರೈಲಿನ ವೇಗ ಬೆಳಕಿನ ವೇಗದ ಶೇಕಡ 60. ಹೊರಗಿನವನಿಗೆ ಬೆಳಕು ಓರೆಯಾಗಿ ಹೋಗುತ್ತದೆ. ಅದು 5 ಮಾನ ಹೋಗುವಷ್ಟರಲ್ಲಿ ರೈಲು 3 ಮಾನ ಸರಿದಿರುತ್ತದೆ, ಎತ್ತರ 4 ತಾನಾಗಿ ಹೊಂದುತ್ತದೆ. ಒಳಗಿನವಳ ಗಡಿಯಾರದಲ್ಲಿ 4, ಹೊರಗಿನವನದರಲ್ಲಿ 5. ಹೊರಗಿನವನ 5 ಸೆಕೆಂಡಿಗೆ ಒಳಗೆ 4 ಸೆಕೆಂಡು. ಪೈಥಾಗೊರಸ್ ಪ್ರಮೇಯ ಬಲ್ಲ ಹತ್ತನೆಯ ತರಗತಿಯ ಮಗುವಿಗೂ ಇದು ಅರ್ಥವಾಗುತ್ತದೆ.

ಬಿಎಸ್ಸಿ ಎರಡನೇ ವರ್ಷ

ಸರ್, ಒಂದು ಅನುಮಾನ. ಇಬ್ಬರಿಗೂ ಎತ್ತರ 4 ಎಂದೇ ತೆಗೆದುಕೊಂಡಿರಿ. ಚಲಿಸುವ ವಸ್ತುವಿನ ಉದ್ದ ಕುಗ್ಗುತ್ತದೆ ಎಂದು ಓದಿದ್ದೇನೆ. ಎತ್ತರ ಏಕೆ ಕುಗ್ಗುವುದಿಲ್ಲ?

ತುಂಗಾತೀರ

ಬಹಳ ಒಳ್ಳೆಯ ಅನುಮಾನ, ನಾನು ಕದ್ದು ದಾಟಿದ ಜಾಗವನ್ನೇ ಹಿಡಿದಿದ್ದೀರಿ. ಎರಡು ಸಮ ಎತ್ತರದ ಕೋಲುಗಳನ್ನು ನೆಟ್ಟಗೆ ನಿಲ್ಲಿಸಿ. ಎರಡರ ತುದಿಗೂ ಬಣ್ಣ ಹಚ್ಚಿದ ಕುಂಚ ಕಟ್ಟಿ. ಅವು ಎದುರುಬದುರಾಗಿ ಬಂದು ಒಂದನ್ನೊಂದು ಸವರಿಕೊಂಡು ಹೋಗಲಿ. ಚಲಿಸುವ ಕೋಲು ಗಿಡ್ಡವಾಗುತ್ತದೆ ಎಂದಿಟ್ಟುಕೊಳ್ಳಿ. ನನ್ನ ಕಣ್ಣಿಗೆ ನಿಮ್ಮ ಕೋಲು ಚಲಿಸುತ್ತಿದೆ, ನಿಮ್ಮ ಕುಂಚ ನನ್ನ ಕೋಲಿನ ತುದಿಗಿಂತ ಕೆಳಗೆ ಗೆರೆ ಎಳೆಯಬೇಕು. ನಿಮ್ಮ ಕಣ್ಣಿಗೆ ನನ್ನದು ಚಲಿಸುತ್ತಿದೆ, ನನ್ನ ಕುಂಚ ನಿಮ್ಮ ಕೋಲಿನ ಮೇಲೆ ಗೆರೆ ಎಳೆಯಬೇಕು. ಆಮೇಲೆ ಎರಡೂ ಕೋಲುಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡಬಹುದಲ್ಲ! ಬಣ್ಣ ಒಂದರ ಮೇಲೆ ಮಾತ್ರ ಇದ್ದರೆ ಪ್ರಕೃತಿ ಒಬ್ಬರ ಪಕ್ಷ ವಹಿಸಿದಂತಾಯಿತು, ಮೊದಲ ಗೃಹೀತ ಬಿತ್ತು. ಎರಡರ ಮೇಲೂ ಇರುವುದು ಅಸಾಧ್ಯ. ಉಳಿದ ದಾರಿ ಒಂದೇ: ಚಲನೆಗೆ ಅಡ್ಡವಾದ ಅಳತೆ ಬದಲಾಗದು.

ಚಲನೆಯ ದಿಕ್ಕಿನ ಉದ್ದಕ್ಕೆ ಈ ವಾದ ನಡೆಯುವುದಿಲ್ಲ. ಅಲ್ಲಿ ಎರಡು ತುದಿಗಳನ್ನು 'ಒಂದೇ ಹೊತ್ತಿಗೆ' ಗುರುತು ಮಾಡಬೇಕು, ಮತ್ತೆ ಅದೇ ಪದ ಬಂತು.

ಕಡಲತಡಿ

ಎಲ್ಲರೂ ಒಬ್ಬರಿಗೇ ಹಾರ ಹಾಕುತ್ತಿದ್ದೀರಿ. ಉದ್ದದ ಸಂಕುಚನವನ್ನು 1889ರಲ್ಲಿ ಫಿಟ್ಜ್‌ಜೆರಾಲ್ಡ್, 1892ರಲ್ಲಿ ಲೊರೆಂಟ್ಜ್ ಎಂಬ ಭೌತವಿಜ್ಞಾನಿಗಳು ಹೇಳಿದ್ದರು. ಒಬ್ಬರ ದೂರ-ಕಾಲದ ಅಳತೆಯನ್ನು ಚಲಿಸುವ ಇನ್ನೊಬ್ಬರ ಅಳತೆಗೆ ಬದಲಿಸುವ ರೂಪಾಂತರ ಸೂತ್ರಗಳು 1904ರಲ್ಲೇ ಲೊರೆಂಟ್ಜ್ ಬಳಿ ಇದ್ದವು. ದೂರದ ಊರುಗಳಲ್ಲಿ ಏಕಕಾಲ ಎಂದರೇನು ಎಂದು ಫ್ರೆಂಚ್ ಗಣಿತಜ್ಞ ಪ್ವಾಂಕರೆ 1898ರಲ್ಲೇ ಪ್ರಶ್ನಿಸಿದ್ದ. ಗಡಿಯಾರಗಳನ್ನು ಬೆಳಕಿನ ಸಂಕೇತದಿಂದ ಹೊಂದಿಸುವುದನ್ನು 1900ರಲ್ಲಿ ಬರೆದಿದ್ದ. ಐನ್‌ಸ್ಟೈನರಿಗಿಂತ ಮೂರೂವರೆ ವಾರ ಮೊದಲು, 1905ರ ಜೂನ್ 5ರಂದು, ಪ್ಯಾರಿಸ್ ಅಕಾಡೆಮಿಗೆ ಟಿಪ್ಪಣಿ ಒಪ್ಪಿಸಿದ್ದ. ಇದು ಅನ್ಯಾಯವಲ್ಲವೇ?

ನಿವೃತ್ತ ಮೇಷ್ಟ್ರು

ನೀವು ಹೇಳಿದ ಒಂದೊಂದು ವರ್ಷವೂ ಸರಿ, ಅವರನ್ನೆಲ್ಲ ಮರೆಸಿ ಪಾಠ ಮಾಡುವುದು ತಪ್ಪು ಎನ್ನುವುದೂ ಸರಿ. ಐನ್‌ಸ್ಟೈನ್ ಗೆಳೆಯರೊಡನೆ ಬರ್ನ್‌ನಲ್ಲಿ ಪ್ವಾಂಕರೆಯನ್ನು ಓದಿದ್ದರು ಕೂಡ.

ಆದರೂ ಒಂದು ಅಂತರ ಇದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಲೊರೆಂಟ್ಜರಿಗೆ ಚಲಿಸುವವನ ಕಾಲ 'ಸ್ಥಳೀಯ ಕಾಲ', ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ಚಿಹ್ನೆ. ಅದರ ಹಿಂದೆ ಈಥರಿನಲ್ಲಿ ನಿಂತ 'ನಿಜವಾದ ಕಾಲ' ಇತ್ತು. ಪ್ವಾಂಕರೆ ಅಷ್ಟು ದೂರ ನಡೆದು ಬಂದರೂ 1912ರಲ್ಲಿ ತೀರಿಕೊಳ್ಳುವವರೆಗೆ ಈಥರನ್ನು ಕೈಬಿಡಲಿಲ್ಲ. ಪೇಟೆಂಟ್ ಕಚೇರಿಯ ಹುಡುಗ ಮಾತ್ರ, ಯಾರ ಗಡಿಯಾರವೂ ನಿಜವಾದದ್ದೆಂಬ ವಿಶೇಷ ಪಟ್ಟಕ್ಕೆ ಅರ್ಹವಲ್ಲ ಎಂದ. ಕೋಲು ಕುಗ್ಗಲು ಈಥರಿನ ಒತ್ತಡವನ್ನೋ ಅಣುಗಳ ನಡುವಿನ ಬಲವನ್ನೋ ಹುಡುಕಬೇಕಾದ ಕೆಲಸ ಇಲ್ಲವಾಯಿತು.

ಫೀಜೊನ ನೀರು ನೆನಪಿದೆಯೇ? ಹೊಸ ಲೆಕ್ಕದಲ್ಲಿ ವೇಗಗಳು ನೇರವಾಗಿ ಕೂಡುವುದಿಲ್ಲ. ಬೆಳಕಿನ ವೇಗದ 0.6ಕ್ಕೆ 0.6 ಸೇರಿದರೆ 1.2 ಆಗದೆ 0.88 ಆಗುತ್ತದೆ. ಇದೇ ನಿಯಮವನ್ನು ನೀರಿನೊಳಗಿನ ಬೆಳಕಿಗೆ ಹಚ್ಚಿದರೆ ಆ ಶೇಕಡ 44 ತಾನಾಗಿ ಬರುತ್ತದೆ ಎಂದು 1907ರಲ್ಲಿ ಜರ್ಮನ್ ಭೌತವಿಜ್ಞಾನಿ ಲಾವೆ ತೋರಿಸಿದರು. ಅರ್ಧ ಶತಮಾನ ಕಾಡಿದ ಸಂಖ್ಯೆ ಎರಡು ಸಾಲಿನಲ್ಲಿ!

ಚಾಂಪಿಯನ್ ರೀಫ್

ನಾನು ಕೋಲಾರ ಚಿನ್ನದ ಗಣಿಯ ಊರಿನವಳು, ತಂದೆ ಗಣಿಯಲ್ಲಿ ದುಡಿದವರು. ಈ ಚರ್ಚೆಯಲ್ಲಿ ನಮ್ಮ ಕಡೆಯ ಮಾತೊಂದನ್ನು ಸೇರಿಸಲೇಬೇಕು.

ವಾತಾವರಣದ ಮೇಲ್ಪದರದಲ್ಲಿ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ನಿಂತಲ್ಲಿ ಅವುಗಳ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 2.2 ಭಾಗ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ ಸುಮಾರು 660 ಮೀಟರ್ ದಾಟಬಹುದು. ಹುಟ್ಟುವುದು ಹತ್ತು ಹದಿನೈದು ಕಿಲೋಮೀಟರ್ ಮೇಲೆ. ಆದರೂ ಅವು ನೆಲಕ್ಕೆ ಬರುತ್ತವೆ, ನಮ್ಮ ಗಣಿಗಳಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಇಳಿದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಉಪಕರಣಗಳಿಗೆ ಸಿಕ್ಕಿವೆ. ಅಲ್ಲೇ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ, ಹಿಡಿಯಲು ಬಲು ಕಷ್ಟದ ಕಣ ಕೂಡ ಪತ್ತೆಯಾಯಿತು.

ಇಂಥ ಕಣ ವೇಗವಾಗಿ ಓಡುವಾಗ ನಮ್ಮ ಲೆಕ್ಕದಲ್ಲಿ ಹೆಚ್ಚು ಕಾಲ ಬದುಕಬೇಕು, ಅದು ಸಾಪೇಕ್ಷತೆಗೆ ನೇರ ಪರೀಕ್ಷೆಯಾಗುತ್ತದೆ ಎಂದು 1938ರಲ್ಲಿ ಸೂಚಿಸಿದವರು ಹೋಮಿ ಭಾಭಾ. ಮರುವರ್ಷ ರಜೆಗೆ ಊರಿಗೆ ಬಂದವರು ಯುದ್ಧದಿಂದಾಗಿ ಇಲ್ಲೇ ಉಳಿದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಕೆಲಸ ಆರಂಭಿಸಿದರು.

1963ರಲ್ಲಿ ಅಮೆರಿಕದ ಮೌಂಟ್ ವಾಷಿಂಗ್ಟನ್ ಮೇಲೆ, 1,900 ಮೀಟರ್ ಎತ್ತರದಲ್ಲಿ, ಫ್ರಿಶ್ ಮತ್ತು ಸ್ಮಿತ್ ಗಂಟೆಗೆ 563 ಮ್ಯೂಆನ್‌ಗಳನ್ನು ಎಣಿಸಿದರು. ಕಾಲ ಎಲ್ಲರಿಗೂ ಒಂದೇ ಆಗಿದ್ದರೆ ಸಮುದ್ರಮಟ್ಟದಲ್ಲಿ ಸುಮಾರು 30 ಸಿಗಬೇಕಿತ್ತು. ಸಿಕ್ಕಿದ್ದು 408.

ಬಿಎಸ್ಸಿ ಎರಡನೇ ವರ್ಷ

ಹಾಗಾದರೆ ಅವಳಿಗಳ ಕಥೆ? ಅವಳಿಗಳಲ್ಲಿ ತಂಗಿ ಮಹಾವೇಗದಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದರೆ, ಭೂಮಿಯಲ್ಲೇ ಉಳಿದ ಅಕ್ಕನಿಗಿಂತ ವಯಸ್ಸಿನಲ್ಲಿ ಚಿಕ್ಕವಳಾಗುತ್ತಾಳೆ. ತಂಗಿಯ ದೃಷ್ಟಿಯಲ್ಲಿ ಅಕ್ಕನೇ ಹೋಗಿಬಂದದ್ದಲ್ಲವೇ?

ತುಂಗಾತೀರ

ಹುಟ್ಟುಹಬ್ಬದ ಶುಭಾಶಯಗಳನ್ನು ಎಣಿಸೋಣ, ಎಣಿಕೆಯಲ್ಲಿ ವಾದವಿಲ್ಲ. 3 ಜ್ಯೋತಿರ್ವರ್ಷ ದೂರದ ನಕ್ಷತ್ರಕ್ಕೆ ತಂಗಿ ಬೆಳಕಿನ ವೇಗದ 0.6ರಲ್ಲಿ ಹೋಗಿ ಬರುತ್ತಾಳೆ. ಅಕ್ಕನ ಲೆಕ್ಕದಲ್ಲಿ 10 ವರ್ಷ, ತಂಗಿಗೆ 4 ಮತ್ತು 4, ಒಟ್ಟು 8. ಇಬ್ಬರೂ ತಮ್ಮ ತಮ್ಮ ವರ್ಷಕ್ಕೊಂದು ರೇಡಿಯೊ ಶುಭಾಶಯ ಕಳಿಸುತ್ತಾರೆ. ದೂರ ಸರಿಯುವಾಗ ಅದು ಎರಡು ವರ್ಷಕ್ಕೊಂದರಂತೆ ತಲುಪುತ್ತದೆ, ಹತ್ತಿರ ಬರುವಾಗ ವರ್ಷಕ್ಕೆ ಎರಡರಂತೆ. ಇದು ಇಬ್ಬರಿಗೂ ಸಮಾನ.

ತಂಗಿಗೆ ಹೋಗುವ 4 ವರ್ಷಗಳಲ್ಲಿ 2, ಬರುವ 4 ವರ್ಷಗಳಲ್ಲಿ 8, ಒಟ್ಟು 10 ಶುಭಾಶಯ. ಅಕ್ಕನಿಗೆ? ತಂಗಿ ತಿರುಗಿದ್ದು ಅಕ್ಕನ 5ನೆಯ ವರ್ಷದಲ್ಲಿ, ಸುದ್ದಿ ಬರಲು ಇನ್ನೂ 3 ವರ್ಷ. ಆದ್ದರಿಂದ 8 ವರ್ಷ ನಿಧಾನಗತಿಯಲ್ಲಿ 4, ಉಳಿದ 2 ವರ್ಷಗಳಲ್ಲಿ 4, ಒಟ್ಟು 8. ತಿರುಗಿದವಳಿಗೆ ಬದಲಾವಣೆ ಅರ್ಧದಾರಿಯಲ್ಲೇ ಕಾಣುತ್ತದೆ, ಕುಳಿತವಳಿಗೆ ಕೊನೆಯಲ್ಲಿ. ಇಬ್ಬರೂ ಸಮಾನರಲ್ಲ ಎನ್ನುವುದು ಇಲ್ಲೇ ಗೊತ್ತಾಗುತ್ತದೆ.

ಕಡಲತಡಿ

ವೇಗ ಹೆಚ್ಚಿದಂತೆ ದ್ರವ್ಯರಾಶಿ ಹೆಚ್ಚುತ್ತದೆ ಎಂದು ಇನ್ನೂ ಕಲಿಸಬೇಕೇ?

ಅಳತೆಗೋಲು

ಬೇಡ ಎಂಬುದು ನನ್ನ ಅಭಿಪ್ರಾಯ. ದ್ರವ್ಯರಾಶಿ ಎಲ್ಲರಿಗೂ ಒಂದೇ ಎಂದಿಟ್ಟು, ಸಂವೇಗ (ಮೊಮೆಂಟಮ್) ಮತ್ತು ಶಕ್ತಿ ಹೆಚ್ಚುತ್ತವೆ ಎನ್ನಿ. 1905ರ ಸೆಪ್ಟೆಂಬರ್ 27ರಂದು ಪತ್ರಿಕೆಗೆ ತಲುಪಿದ ಮೂರು ಪುಟದ ಎರಡನೆಯ ಪ್ರಬಂಧ ಹೇಳುವುದೂ ಇಷ್ಟೇ: ವಸ್ತು ಬೆಳಕಿನ ರೂಪದಲ್ಲಿ ಶಕ್ತಿ ಕಳೆದುಕೊಂಡರೆ ಅದರ ದ್ರವ್ಯರಾಶಿ ಆ ಶಕ್ತಿಯನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದಷ್ಟು ಕಡಿಮೆಯಾಗುತ್ತದೆ. ಒಂದು ಗ್ರಾಂ ಎಂದರೆ ಎರಡೂವರೆ ಕೋಟಿ ಯೂನಿಟ್ ವಿದ್ಯುತ್ತಿಗೆ ಸಮ.

ಭೌತಪಾಠ

ಎಲ್ಲರಿಗೂ ಮನಸಾರೆ ವಂದನೆಗಳು. ಇವತ್ತು ತರಗತಿಯಲ್ಲಿ ಮೈಕೆಲ್ಸನ್ನರಿಂದ ಆರಂಭಿಸಲಿಲ್ಲ. ಪ್ರಯೋಗಾಲಯದಿಂದ ಸುರುಳಿ, ದಂಡಕಾಂತ ಮತ್ತು ವಿದ್ಯುತ್ ಹರಿವನ್ನು ಮುಳ್ಳಿನಿಂದ ತೋರಿಸುವ ಗ್ಯಾಲ್ವನೋಮೀಟರ್ ತಂದೆ. ಆಯಸ್ಕಾಂತವನ್ನು ಸುರುಳಿಯೊಳಗೆ ತಳ್ಳಿದೆ, ಮುಳ್ಳು ಓಲಿತು. ಆಮೇಲೆ ಆಯಸ್ಕಾಂತವನ್ನು ಹುಡುಗನೊಬ್ಬನ ಕೈಗೆ ಕೊಟ್ಟು, ಅಲುಗಾಡದೆ ಹಿಡಿಯಲು ಹೇಳಿ, ಸುರುಳಿಯನ್ನು ಅದರ ಮೇಲಕ್ಕೆ ತಂದೆ. ಮುಳ್ಳು ಅದೇ ಕಡೆಗೆ ಓಲಿತು.

ಅವನೇ, ಬೆಳಕಿನ ಹಿಂದೆ ಓಡುವ ಪ್ರಶ್ನೆ ಕೇಳಿದ ಹುಡುಗ. ಮುಳ್ಳನ್ನೇ ನೋಡುತ್ತಿದ್ದವನು, 'ಮೇಡಂ, ಕಣ್ಣು ಮುಚ್ಚಿಕೊಂಡಿದ್ದರೆ ಯಾವುದು ಚಲಿಸಿತು ಎಂದು ಮುಳ್ಳು ನೋಡಿ ಹೇಳಲು ಆಗುವುದಿಲ್ಲ ಅಲ್ಲವೇ?' ಎಂದ. ಗೆಲಿಲಿಯೊನ ಹಡಗನ್ನು ಆಗ ಕರಿಹಲಗೆಯ ಮೇಲೆ ಬರೆದೆ. ಗುರುವಾರ ರೈಲು ಬೋಗಿ, ಅದರ ಮುಂದಿನ ವಾರ ಕೋಲು ಮತ್ತು ಕುಂಚ.